ಎರಡನೆಯ ಗುಂಡು

ಅವರ ಮಣಿಕಟ್ಟು ನನ್ನದರ ಎರಡರಷ್ಟು ದಪ್ಪವಿತ್ತು. ಹಗ್ಗ ಎರಡು ಸುತ್ತಿಗೇ ಮುಗಿದು, ಗಂಟು ಹಾಕಲಾಗದೆ ನಾನು ಒದ್ದಾಡುತ್ತಿದ್ದರೆ, "ಬಿಗಿ ಕಟ್ಟು ಮಾರಾಯ, ನನ್ನನ್ನ ಕದ್ಕೊಂಡು ಬಂದದ್ದು, ನೆಂಟರ ಮನೆಗೆ ಕರ್ಕೊಂಡು ಬಂದದ್ದಲ್ಲ" ಎಂದು ಗದರುತ್ತಿದ್ದರು.

ಸುಂಟಿಕೊಪ್ಪದ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದು ನಿವೃತ್ತರಾಗಿದ್ದ ಕೊಡವರು. ಮದುವೆಯಾಗಿರಲಿಲ್ಲ. ನಮಗೆಲ್ಲ ಅವರು ರೈಟ್ರು. ನನ್ನ ಮೊದಲ ಸಿನಿಮಾಕ್ಕೆ ಮನೆ ಕೊಟ್ಟರು, ಜೀಪು ಕೊಟ್ಟರು, ಕೊನೆಗೆ ಅಪಹರಣಕ್ಕೊಳಗಾಗುವ ಮುದುಕನೂ ತಾವೇ ಆದರು. ಕದ್ದ ಕಳ್ಳರಿಗೆ ಮುದುಕನ ಮನೆಯವರು 'ನೀವೇ ಇಟ್ಕೊಳ್ಳಿ' ಎಂದುಬಿಡುವ ಕಥೆ. ಗಂಟು ಬದಲಾದರೆ ಶಾಟ್ ಕೂಡುವುದಿಲ್ಲವೆಂದು ಯಾರೋ ಹೇಳಿದ್ದೇ ತಡ, ಊಟಕ್ಕೂ ಕಟ್ಟು ಬಿಚ್ಚಗೊಡಲಿಲ್ಲ. ನಾನೇ ತುತ್ತಿಡಬೇಕಿತ್ತು. ಉಪ್ಪಿನಕಾಯಿ ಮರೆತರೆ ಬಾಯಿ ತೆರೆಯುತ್ತಿರಲಿಲ್ಲ.

ಆ ದಿನ ಕಳ್ಳ ಹೆದರಿ ಗಾಳಿಯಲ್ಲಿ ಗುಂಡು ಹಾರಿಸುವ ದೃಶ್ಯ. ಹಾಸನದಿಂದ ಬಂದ ನಟನ ಕೈಯಲ್ಲಿದ್ದದ್ದು ಬರೀ ಸದ್ದು ಮಾಡುವ ಕೋವಿ. "ಒಂದೇ ಸಾಕು, ಎರಡು ಬೇಡ" ಎಂದು ರೈಟ್ರು ಎಚ್ಚರಿಸಿದ್ದರು. ಕೊಡವರ ಮನೆಯಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿದರೆ ಅಲ್ಲಿ ಸಾವಾಗಿದೆ ಎಂದರ್ಥ. ಕೊಡಗಿನವನಾದ ನನಗೂ ಅದು ಗೊತ್ತಿತ್ತು. ಆದರೆ ಮೊದಲ ಗುಂಡಿಗೆ ಕ್ಯಾಮೆರಾ ಫೋಕಸ್ ತಪ್ಪಿತು. ತಲೆಕೆಟ್ಟು "ಇನ್ನೊಂದು, ಬೇಗ!" ಎಂದು ಕೂಗಿಬಿಟ್ಟೆ. ಹಾರಿತು. ಬಾಯಿಗೆ ಕಟ್ಟಿದ್ದ ಬಟ್ಟೆಯೊಳಗಿಂದಲೇ ರೈಟ್ರು ಏನೋ ಅರಚುತ್ತ ಕುರ್ಚಿ ಸಮೇತ ನೆಲಕ್ಕುರುಳಿದರು. "ಅದ್ಭುತ, ನಿಲ್ಲಿಸಬೇಡಿ" ಎಂದೆ. ಎಂಥ ಮೂರ್ಖ ನಾನು!

ಬಟ್ಟೆ ತೆಗೆದ ಕೂಡಲೇ, "ಅಕ್ಕ ಕೇಳಿರ್ತಾಳೆ, ಜೀಪ್ ತೆಗಿ" ಎಂದರು. ಗದ್ದೆಯಾಚೆಯ ಮನೆಯಲ್ಲಿದ್ದ ಅವರ ಅಕ್ಕನಿಗೆ ಹೃದಯದ ಆಪರೇಷನ್ ಆಗಿ ತಿಂಗಳೂ ತುಂಬಿರಲಿಲ್ಲ. ತೆರೆಯ ಮೇಲೆ ತಮ್ಮನನ್ನು ಕಂಡು ಬೆರಗಾಗಲಿ ಎಂದು ರೈಟ್ರು ಸಿನಿಮಾದ ಸುದ್ದಿಯನ್ನೇ ಅವರಿಂದ ಮುಚ್ಚಿಟ್ಟಿದ್ದರು. ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ತಿರುವಿನಲ್ಲಿ ಆಗಲೇ ಸಾವಿನ ಮನೆಗೆಂದು ಬಿಳಿ ಬಟ್ಟೆಯುಟ್ಟು ಹೊರಟ ನಾಲ್ವರು ಎದುರಾದರು. ಕೈಯಲ್ಲಿ ಹಗ್ಗ ಇನ್ನೂ ನೇತಾಡುತ್ತಿದ್ದ ರೈಟ್ರು, "ನಾನಿದ್ದೇನೆ, ಮನೆಗೆ ಹೋಗಿ!" ಎಂದು ಕೂಗಿದರು. ನನಗೆ ನಗು ಬರಲಿಲ್ಲ. ಜೀಪನ್ನು ಗದ್ದೆಯತ್ತ ತಿರುಗಿಸಿದೆ.

ಅಕ್ಕ ಬಿಳಿ ಸೀರೆಯುಟ್ಟು, ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ಅರ್ಧ ದಾರಿ ಬಂದು, ಎದೆ ಒತ್ತಿಕೊಂಡು ಕುಸಿದು ಕೂತಿದ್ದರು. ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಕೆನ್ನೆಗೊಂದು ಬಾರಿಸಿದರು. ನನ್ನತ್ತ ತಿರುಗಿ, "ಎರಡನೇದು ಯಾರು ಹೊಡ್ಸಿದ್ದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ರೈಟ್ರು, "ನಾನೇ ಅಕ್ಕ, ಬುದ್ಧಿಯಿಲ್ಲದೆ" ಎಂದುಬಿಟ್ಟರು. ನಾನು ಸುಮ್ಮನಿದ್ದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಸಿನಿಮಾ ಮುಗಿಯುವ ಮೊದಲೇ ರೈಟ್ರು ತೀರಿಕೊಂಡರು. ಮಡಿಕೇರಿಯಲ್ಲಿ ತೋರಿಸಿದ ದಿನ ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು. ಬಾಯಿಗೆ ಕಟ್ಟಿದ ಬಟ್ಟೆಯೊಳಗೇ ಅರಚುತ್ತ ರೈಟ್ರು ಕುರ್ಚಿ ಸಮೇತ ಉರುಳಿದಾಗ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅಕ್ಕ ನಗಲಿಲ್ಲ.

"ನನ್ನನ್ನೇ ಕರೀತಿದ್ದಾನೆ, ಅಲ್ವಾ?"

"ಹೌದು. ಎರಡನೇದು ಹೊಡ್ಸಿದ್ದು ನಾನು, ಅಕ್ಕ" ಎಂದೆ, ಕೊನೆಗೂ.

"ಗೊತ್ತು. ಸುಮ್ನಿರು, ಅವನನ್ನ ನೋಡ್ಬೇಕು ನಂಗೆ."