ಇಸ್ಮತ್ ಟೀಚರ್ ಹರವಿದ ಕಣ

ಮೂಡಿಗೆರೆಯ ಜೀಪ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಇಸ್ಮತ್ ಟೀಚರ್ ಟೈಪಿಂಗ್ ಕಲಿಸುತ್ತಿದ್ದರು. ಅವರು ಸ್ವತಃ ಟೈಪ್ ಮಾಡಲು ಕುಳಿತರೆ ಆಷಾಢದ ಮಳೆಯೂ ತಗಡಿನ ಮೇಲೆ ಬೀಳುವುದನ್ನು ನಿಲ್ಲಿಸಿ ಕಿವಿಗೊಡುತ್ತದೆ ಎಂದು ಕೆಳಗಿನ ಹೋಟೆಲಿನವರು ಹೇಳುತ್ತಿದ್ದರು. ಇದು ಅರ್ಧ ಸುಳ್ಳು. ಮಳೆ ನಿಲ್ಲುತ್ತಿರಲಿಲ್ಲ, ನಾಚಿಕೊಂಡು ಸ್ವಲ್ಪ ಮೆಲ್ಲಗಾಗುತ್ತಿತ್ತು, ಅಷ್ಟೆ.

ಅವರು ಬಾಳೂರಿನ ಮೆಣಸಿನ ವ್ಯಾಪಾರಿಯ ಮಗಳು. ಮನೆಯಲ್ಲಿ ಮದುವೆಯ ಮಾತೆತ್ತಿದಾಗ ಟೈಪಿಂಗ್ ಲೋಯರ್ ಪರೀಕ್ಷೆ ಮುಗಿಯಲಿ ಎಂದರು ಇಸ್ಮತ್. ಲೋಯರ್ ಮುಗಿದಾಗ ಹೈಯರ್, ಹೈಯರ್ ಮುಗಿದಾಗ ಶಾರ್ಟ್‌ಹ್ಯಾಂಡ್. ಕೊನೆಗೆ ಸರ್ಕಾರದ ಬಳಿ ಪರೀಕ್ಷೆಗಳೇ ಖಾಲಿಯಾದಾಗ ಮಂಗಳೂರಿಗೆ ಹೋಗಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದರು. ಅಷ್ಟರಲ್ಲಿ ಮದುವೆ ದಲ್ಲಾಳಿಗೇ ಮೊಮ್ಮಕ್ಕಳಾಗಿದ್ದವು.

ಎಂಬತ್ತೆಂಟನೇ ಇಸವಿಯಲ್ಲಿ ಜಾವಳಿಯ ಎಸ್ಟೇಟಿನ ಒಡತಿ ಸಾವಿತ್ರಮ್ಮನವರು ಒಂದು ಕಂಪ್ಯೂಟರನ್ನು ಜೀಪಿನಲ್ಲಿ ಹೇರಿಕೊಂಡು ಬಂದು ಇಸ್ಮತ್‌ರ ಮೇಜಿನ ಮೇಲೆ ಇಳಿಸಿದರು. ಯಾರದೋ ಮಾತು ಕೇಳಿ ತರಿಸಿದ್ದು. ಎಸ್ಟೇಟಿನಲ್ಲಿ ಅದರ ಉಪಯೋಗ ಕಂಡುಕೊಂಡದ್ದು ಬೆಕ್ಕು ಮಾತ್ರ. ಅದರ ಮೇಲೆ ಬೆಚ್ಚಗೆ ಮಲಗುತ್ತಿತ್ತು.

"ನೋಡು ಇಸ್ಮತ್, ಚಿಕ್ಕಮಗ್ಳೂರಲ್ಲಿರೋ ನನ್ನ ಮೈದ್ನ ಇದನ್ನ ಷೋಕೇಸಲ್ಲಿ ಇಡ್ತಾನಂತೆ. ಕುಯ್ಲು ಶುರುವಾಗೋದ್ರೊಳಗೆ ನೀನು ಕಾಫಿ ಹಣ್ಣಿನ ತೂಕದ ಲೆಕ್ಕ ಇದ್ರ ಕೈಲಿ ಮಾಡ್ಸು. ಮಾಡಿದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಷೋಕೇಸೇ ಗತಿ."

ಇಸ್ಮತ್ ಹೂಂ ಎಂದರು. ಅವರ ಆಯುಷ್ಯದಲ್ಲಿ ಏನನ್ನಾದರೂ ಅಷ್ಟು ಆಸೆಪಟ್ಟಿದ್ದರೆ ಆ ಪೆಟ್ಟಿಗೆಯನ್ನೇ.

ಮಂಗಳೂರಿನ ಅವರ ಮೇಷ್ಟ್ರು ಒಂದು ಫ್ಲಾಪಿ ಕಳಿಸಿಕೊಟ್ಟರು. ಅದರಲ್ಲಿದ್ದುದು ಪ್ರೋಗ್ರಾಂ ಬರೆಯುವವರಿಗೆಂದೇ ಮಾಡಿದ ಒಂದು ಪ್ರೋಗ್ರಾಂ. ಬರೆಯುವುದು, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವುದು, ತಪ್ಪಿದ ಸಾಲಿಗೆ ಕೈಹಿಡಿದು ಕರೆದೊಯ್ಯುವುದು, ಎಲ್ಲವೂ ಒಂದೇ ಸೂರಿನಡಿ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ ಅದರ ಹೊಟ್ಟೆಯೊಳಗಿನದೆಲ್ಲ ತೆರೆದೇ ಇತ್ತು. ಓದಿ, ತಿದ್ದಿ, ನಿಮಗೆ ಬೇಕಾದ ಹೊಸ ಕೆಲಸ ಸೇರಿಸಿ, ಸೇರಿಸಿದ್ದನ್ನು ಬಚ್ಚಿಡದೆ ಕೇಳಿದವರಿಗೆ ಕೊಡಿ ಎಂದು ಮೊದಲ ಪುಟದಲ್ಲೇ ಬರೆದಿತ್ತು. ಎಲ್ಲರೂ ತಂತಮ್ಮ ಕಾಫಿ ತಂದು ಹರವಬಹುದಾದ ಜಾಗ ಎಂದು ಇಸ್ಮತ್ ಅದಕ್ಕೆ 'ಕಣ' ಎಂದು ಹೆಸರಿಟ್ಟರು.

ಹರವುವವರಿಗೆ ಬರವೇ? ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಯ್ಯ ತೂಕದ ಲೆಕ್ಕ ವಿವರಿಸಲು ಬಂದವರು ಅಲ್ಲೇ ಬೇರುಬಿಟ್ಟರು. ಕರೆಂಟು ಹೋಗುವ ಮೊದಲೇ ಬರೆದದ್ದನ್ನೆಲ್ಲ ಆಗಾಗ ಫ್ಲಾಪಿಗೆ ಇಳಿಸುವ 'ಗುಡುಗು' ಎಂಬ ಆಜ್ಞೆಯನ್ನು ಇಸ್ಮತ್‌ರ ಜೊತೆ ಕೂತು ಬರೆದರು. ಟೆಲಿಫೋನ್ ಆಪರೇಟರ್ ಪ್ರೇಮಕುಮಾರಿ ಡ್ಯೂಟಿ ಮುಗಿಸಿ ಬಂದು 'ಟ್ರಂಕ್' ಸೇರಿಸಿದಳು. ಒಂದು ಹೆಸರು ಹೇಳಿದರೆ ಪ್ರೋಗ್ರಾಮಿನಲ್ಲಿ ಅದು ಹುಟ್ಟಿದ ಜಾಗಕ್ಕೆ ನೇರ ಲೈನು. ಬಾಳೂರು ಜೀಪಿನ ಡ್ರೈವರ್ ಮೊಹಿದ್ದೀನ್ ಕಾಕಾ ಜೀಪು ಹೊರಡುವ ಹೊತ್ತನ್ನು ಪರದೆಯ ಮೂಲೆಯಲ್ಲಿ ಹಾಕಿಸಿಕೊಂಡರು. ಹೋಟೆಲಿನವರು ತಮ್ಮ ಅಂದಿನ ತಿಂಡಿಯನ್ನು. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ರೂಢಿ ಆ ಕಡೆ ಇಲ್ಲವಲ್ಲ; ಇಸ್ಮತ್ ಯಾರಿಗೂ ಆಜ್ಞೆ ಕೊಡದೆ ಕಳಿಸಲಿಲ್ಲ. ಮಹಡಿಯ ಮೆಟ್ಟಿಲಲ್ಲಿ ಎಡವಿದ ದನ ಕೂಡ ಒಂದು ಆಜ್ಞೆ ಸೇರಿಸಿಕೊಂಡೇ ಇಳಿಯಿತಂತೆ.

ಸಾವಿತ್ರಮ್ಮ ಲೆಕ್ಕ ನೋಡಲು ಬರುವ ಹಿಂದಿನ ದಿನ ಮಧ್ಯಾಹ್ನ ಕಣ ತೆರೆಯಲಿಲ್ಲ. ಮೆಮೊರಿ ಸಾಲದು ಎಂದು ಪರದೆ ಒಂದೇ ಸಾಲು ತೋರಿಸಿ ಕೈಕಟ್ಟಿ ಕೂತಿತು. ಲೆಕ್ಕದ ಪ್ರೋಗ್ರಾಮಿಗೆ ಇನ್ನೂ ಕೊನೆಯ ಕೆಲಸ ಬಾಕಿಯಿತ್ತು.

"ಯಾವುದಾದ್ರೂ ಒಂದು ಆಜ್ಞೆ ತೆಗೀಬೇಕು," ಎಂದರು ಇಸ್ಮತ್.

"ಗುರುವಯ್ಯೋರ ಗುಡುಗು ತೆಗೀರಿ ಟೀಚರ್. ಮಳೆಗಾಲ ಮುಗೀತಲ್ಲ," ಎಂದಳು ಪ್ರೇಮಕುಮಾರಿ.

"ಹೌದಮ್ಮಾ, ನಮ್ಮ ಕರೆಂಟು ಪಂಚಾಂಗ ನೋಡ್ಕಂಡು ಹೋಗೋದು! ನಿನ್ನ ಟ್ರಂಕೇ ತೆಗೀಲಿ," ಎಂದರು ಗುರುವಯ್ಯ.

"ನನ್ನ ಟ್ರಂಕ್ ಇಲ್ದೆ ನೀವು ಬರೆದದ್ದು ನಿಮಗೇ ಸಿಗಲ್ಲ, ನೆನಪಿರ್ಲಿ!"

"ನಿಮ್ಮಿಬ್ಬರ ಜಗಳಕ್ಕೂ ಒಂದು ಆಜ್ಞೆ ಬರೀಲಾ?" ಎಂದು ಇಸ್ಮತ್ ಗದರಿದರು. ನಗುತ್ತಲೇ ಗದರಿದರು, ಆದರೆ ಎದೆಯಲ್ಲಿ ಷೋಕೇಸಿನ ಗಾಜು ಮಿನುಗುತ್ತಿತ್ತು. ಯಾರದನ್ನು ತೆಗೆದರೂ ಅವರ ಮುಖ ನೋಡುವುದು ಹೇಗೆ? ತೆಗೆಯದಿದ್ದರೆ ಯಂತ್ರವೇ ಹೋಗುತ್ತದೆ. ಏನೂ ತೋಚದೆ ಸಂಜೆಯ ಜೀಪು ಹತ್ತಿದರು.

ಮೊಹಿದ್ದೀನ್ ಕಾಕಾನ ಜೀಪಿನಲ್ಲಿ ಆ ಹೊತ್ತಿಗೆ ಒಂದು ಸಣ್ಣ ತಾಲ್ಲೂಕು ಇರುತ್ತಿತ್ತು. ಕೊಟ್ಟಿಗೆಹಾರ ದಾಟಿದ ಮೇಲೆ ತಿರುವಿನಲ್ಲಿ ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಅಣ್ಣಮ್ಮ ಕೈ ಅಡ್ಡ ಹಿಡಿದಳು. ಇಬ್ಬರು ಇಳಿದರು, ಅಣ್ಣಮ್ಮ ಹತ್ತಿದಳು.

"ಏನ್ ಕಾಕಾ, ದಿನಾ ಬರೋಳು ನಾನು. ನಂಗೊಂದು ಸೀಟು ಹಿಡ್ದಿಡ್ಬಾರ್ದಾ?"

"ದಾರೀಲಿ ಕೈ ತೋರ್ಸೋರಿಗೆಲ್ಲ ಮೂಡಿಗೆರೆಯಿಂದ್ಲೇ ಸೀಟು ಹಿಡ್ದಿಟ್ರೆ ಜೀಪು ಸ್ಟ್ಯಾಂಡೇ ಬಿಡಲ್ಲ ಮಾರಾಯ್ತಿ! ಕೋಳೀನ ಮಡಿಲಲ್ಲಿ ಇಟ್ಕೋ."

ಇಸ್ಮತ್ ಜೋರಾಗಿ ನಕ್ಕುಬಿಟ್ಟರು. ಕೋಳಿ ಬೆಚ್ಚಿತು. ತಾವು ಮಾಡಿದ್ದು ಅದನ್ನೇ ಅಲ್ಲವೇ? ಕಣ ತೆರೆಯುತ್ತಿದ್ದಂತೆ ಎಲ್ಲ ಆಜ್ಞೆಗಳನ್ನೂ ಒಳಗೆ ಕೂರಿಸಿದ್ದರು, ಕೆಲಸ ಇರಲಿ ಬಿಡಲಿ. ಕಣಕ್ಕೆ ಅವುಗಳ ಹೆಸರು ಮಾತ್ರ ಗೊತ್ತಿದ್ದರೆ ಸಾಕು. ಕರೆದಾಗ ಫ್ಲಾಪಿಯಿಂದ ಹತ್ತಲಿ, ಕೆಲಸ ಮುಗಿದಾಗ ಇಳಿಯಲಿ. ಯಾರನ್ನೂ ಮನೆಗೆ ಕಳಿಸಬೇಕಾಗಿಲ್ಲ.

ಮಾರನೆಯ ಬೆಳಗಿನ ಮೊದಲ ಜೀಪಿಗೇ ಬಂದು, ಆಜ್ಞೆಗಳನ್ನು ಸೇರಿಸುವ ಮೊದಲಿನ ಹಳೆಯ ಫ್ಲಾಪಿಯಿಂದ ಕಣವನ್ನು ಶುರುಮಾಡಿ ಅದರ ಹೊಟ್ಟೆಯೊಳಗಿನ ಬರಹವನ್ನೇ ತಿದ್ದಿದರು. ಬೀಗ ಹಾಕಿದ ಪ್ರೋಗ್ರಾಂ ಆಗಿದ್ದರೆ ಅತ್ತು ಮುಗಿಸಬೇಕಿತ್ತು. ಸಾವಿತ್ರಮ್ಮನ ಚಪ್ಪಲಿ ಮೆಟ್ಟಿಲಲ್ಲಿ ಸದ್ದು ಮಾಡುವಾಗ ಕಣ ಹಗುರವಾಗಿ ತೆರೆದುಕೊಂಡಿತು. ಲೆಕ್ಕದ ಕೊನೆಯ ಸಾಲನ್ನೂ ಬರೆದರು.

ಗುರುವಯ್ಯ ತೂಕಗಳನ್ನು ಓದಿದರು, ಇಸ್ಮತ್ ಒತ್ತಿದರು, ಮೊತ್ತ ಬಂತು. ಸಾವಿತ್ರಮ್ಮ ಕನ್ನಡಕ ಏರಿಸಿದರು.

"ಬುಟ್ಟಿ ತೂಕ ಕಳ್ದಿಲ್ವಲ್ಲೇ?"

ಬುಟ್ಟಿಯ ತೂಕ ಕಳೆಯುವುದು ಆ ಗುಡ್ಡಗಳಲ್ಲಿ ಉಸಿರಾಡಿದಷ್ಟು ಸಹಜ. ಉಸಿರಾಡಿ ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಗುರುವಯ್ಯ ಹೇಳಿರಲಿಲ್ಲ, ಇಸ್ಮತ್ ಕೇಳಿರಲಿಲ್ಲ.

"ಒಂದ್ ನಿಮಿಷ ಅಮ್ಮಾ," ಎಂದು ಇಸ್ಮತ್ 'ಟ್ರಂಕ್' ಕರೆದರು. ಅದು ಹತ್ತಿತು, ತೂಕ ಕೂಡುವ ಸಾಲಿಗೆ ಕರೆದೊಯ್ದಿತು, ಇಳಿಯಿತು. ಒಂದು ಸಾಲು ತಿದ್ದಿ ಮತ್ತೆ ಓಡಿಸಿದರು. ಈ ಸಲದ ಮೊತ್ತವನ್ನು ಸಾವಿತ್ರಮ್ಮ ಬೆರಳೆಣಿಸಿ ನೋಡಿ ತಲೆದೂಗಿದರು.

"ನಾನು ಹೇಳಿದ್ದೇ ತಡ, ತಿದ್ಕಳ್ತಲ್ಲ! ನಮ್ಮನೇಲಿ ನನ್ನ ಮಾತು ಕೇಳಿದ್ದು ಇದೇ ಮೊದ್ಲು. ಮೈದ್ನನಿಗೆ ಫೋನ್ ಮಾಡ್ತೀನಿ, ಪೆಟ್ಟಿಗೆ ಬರಲ್ಲ ಅಂತ."

ಪ್ರೇಮಕುಮಾರಿ ಚಪ್ಪಾಳೆ ತಟ್ಟಿದಳು. ಇಸ್ಮತ್ ಉಸಿರು ಬಿಟ್ಟ ರಭಸಕ್ಕೆ ಮೇಜಿನ ಕಾಗದಗಳು ಬಣಕಲ್‌ವರೆಗೆ ಹಾರಿದವಂತೆ.

"ಮತ್ತೆ, ಎಲ್ಲರೂ ಏನೇನೋ ಸೇರ್ಸಿದ್ದೀರಂತೆ," ಎಂದರು ಸಾವಿತ್ರಮ್ಮ, ಸೆರಗು ಸಿಕ್ಕಿಸುತ್ತಾ. "ನಂದೂ ಒಂದು ಇರ್ಲಿ. ಏಳು, ನಾನೇ ಬರೀತೀನಿ. ಹೇಳ್ಕೊಡು."

ಇಸ್ಮತ್ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಸಾವಿತ್ರಮ್ಮ ಒಂದೇ ಬೆರಳಿನಲ್ಲಿ, ಮೆಣಸು ಆರಿಸುವಂತೆ, ಅಕ್ಷರ ಹುಡುಕತೊಡಗಿದರು. ಊಟದ ಹೊತ್ತು ಮೀರಿದರೂ ಏಳಲಿಲ್ಲ. ಯಂತ್ರ ಉಳಿಯಿತು, ನಿಜ. ಅದರ ಮುಂದೆ ಕೂರಲು ಇಸ್ಮತ್ ಟೀಚರ್‌ಗೆ ಮತ್ತೆ ಪಾಳಿ ಸಿಕ್ಕಿದ್ದು ಕುಯ್ಲು ಶುರುವಾಗಿ ಸಾವಿತ್ರಮ್ಮ ತೋಟಕ್ಕೆ ಹೋದ ಮೇಲೆಯೇ.