ತಂಗಿಯ ಡ್ರಾಪ್ಸ್ ಮತ್ತು ನಾನು ಕಲಿಸಿದ ದಶಮಾಂಶ

ಕೊರೋನಾ ಕಳೆದ ಎರಡನೇ ವರ್ಷ. ನಾನಾಗ ಮೈಸೂರಿನ ಅಗ್ರಹಾರದ ಒಂದು ಶಾಲೆಯಲ್ಲಿ ಐದನೇ ತರಗತಿಗೆ ಗಣಿತದ ಮೇಡಂ. ದಾನಿಗಳು ಕೊಟ್ಟ ಹನ್ನೆರಡು ಟ್ಯಾಬ್‌ಗಳಲ್ಲಿ ಮಕ್ಕಳು ದಶಮಾಂಶ ಅಭ್ಯಾಸ ಮಾಡುತ್ತಿದ್ದರು. ಎರಡರಲ್ಲಿ ದೊಡ್ಡ ಸಂಖ್ಯೆಯನ್ನು ಒತ್ತಬೇಕು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಇನ್‌ಸ್ಪೆಕ್ಷನ್ ಹತ್ತಿರ ಬಂದಿತ್ತು. ರಿಪೋರ್ಟ್ ಪೂರ್ತಿ ಹಸಿರಿರಲಿ ಎಂಬ ಆಸೆಗೆ ಸುಲಭದ ಹಂತವನ್ನಷ್ಟೇ ಹಾಕಿಕೊಟ್ಟೆ: 0.3 ಮತ್ತು 0.7, 0.25 ಮತ್ತು 0.64. ಎರಡರಲ್ಲೂ ಬಿಂದುವಿನ ನಂತರ ಒಂದೇ ಎಣಿಕೆಯ ಅಂಕಿಗಳು. ಬಿಂದುವನ್ನು ಮರೆತು ಓದಿದರೂ ಉತ್ತರ ಸರಿ ಬರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತೆಂಟು ವರ್ಷದ ಸರ್ವೀಸು ಬೇರೆ, ಸುಡುಗಾಡು!

ಒಂದು ಬೆಳಿಗ್ಗೆ ನನ್ನ ತರಗತಿಯ ಕಾವ್ಯ ಹೆಮ್ಮೆಯಿಂದ ಹೇಳಿದಳು. ಅವಳ ಒಂದು ವರ್ಷದ ತಂಗಿಗೆ ಫಿಟ್ಸ್ ಬರುತ್ತಿತ್ತು. ಅಮ್ಮ ನಸುಕಿಗೇ ಹೋಟೆಲ್ ಅಡುಗೆ ಕೆಲಸಕ್ಕೆ ಹೋಗುವುದರಿಂದ ಡ್ರಾಪ್ಸ್ ಹಾಕುವುದು ಇವಳೇ.

"ಡಾಕ್ಟ್ರು ಜಾಸ್ತಿ ಮಾಡವ್ರೆ ಮಿಸ್. ಮೊದ್ಲು 0.5 ಎಂಎಲ್ ಇತ್ತು, ಈಗ 0.25. ಡ್ರಾಪರ್‌ನಲ್ಲಿ ಆ ಗೆರೆ ಇರ್ಲಿಲ್ಲ. ಅದ್ಕೇ 0.5 ದಾಟ್ಸಿ ಡ್ರಾಪರ್ ತುಂಬ ಎಳ್ದ್‌ಬುಟ್ಟೆ."

ಬಿಂದುವನ್ನು ಬಿಟ್ಟು, 25 ಅಂದರೆ 5ಕ್ಕಿಂತ ದೊಡ್ಡದೆಂದು ಅವಳು ಓದಿದ್ದಳು. ಡಾಕ್ಟರು ಔಷಧಿಯನ್ನು ಅರ್ಧಕ್ಕೆ ಇಳಿಸಿದ್ದರು. ಮಗುವಿನ ಹೊಟ್ಟೆಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಹೋಗಿತ್ತು. ಅವಳ ಅಮ್ಮನಿಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ತರಗತಿಯನ್ನು ಪಕ್ಕದ ಮೇಡಂಗೆ ಒಪ್ಪಿಸಿ, ಕಾವ್ಯಳನ್ನು ಸ್ಕೂಟರ್ ಹತ್ತಿಸಿಕೊಂಡು ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ "ತಾಯಿ ಚಾಮುಂಡಿ, ತಾಯಿ ಚಾಮುಂಡಿ" ಅನ್ನುವುದಷ್ಟೇ ಬಾಯಿಗೆ ಬರುತ್ತಿದ್ದದ್ದು.

"ಬೆಳಗಿಂದ ಚೆನ್ನಾಗ್ ಮಲಗೈತೆ ಕಣವ್ವ," ಎಂದರು ಮನೆಯಲ್ಲಿದ್ದ, ಕಣ್ಣು ಮಂಜಾದ ಅಜ್ಜಿ. ಮಗುವನ್ನು ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ. ಕೆನ್ನೆ ತಟ್ಟಿದೆ, ನೀರು ಚಿಮುಕಿಸಿದೆ; ಕಣ್ಣು ಬಿಡಲಿಲ್ಲ. ಆಟೋದಲ್ಲಿ ಆಸ್ಪತ್ರೆ ತಲುಪುವವರೆಗೂ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಅಷ್ಟು ಹೆದರಿದ್ದು ನನ್ನ ಆಯುಷ್ಯದಲ್ಲೇ ಇಲ್ಲ.

ಮೂರು ಗಂಟೆಯಾದ ಮೇಲೆ ಮಗು ಅತ್ತಿತು. "ಇನ್ನು ಭಯವಿಲ್ಲ," ಎಂದರು ಡಾಕ್ಟರು. ಆ ಹೊತ್ತಿಗೆ ಓಡಿಬಂದ ಅಮ್ಮ, ವಿಷಯ ತಿಳಿದು ಕಾವ್ಯಳ ಮೇಲೆ ಕೈ ಎತ್ತಿದರು. ನಾನು ಆ ಕೈಯನ್ನು ಹಿಡಿದುಕೊಂಡೆ.

"ಹೊಡೀಬೇಡಿ ಕಣಮ್ಮ. ನಾನು ಕಲಿಸಿದ್ದನ್ನೇ ಅವಳು ಮಾಡಿದ್ದು." ಆದದ್ದನ್ನೆಲ್ಲ ಹೇಳಿದೆ.

ಆಕೆ ನನ್ನನ್ನೇ ನೋಡಿದರು. ಬೈಯಲಿಲ್ಲ. "ಮಿಕ್ಕಿದ್ ಮಕ್ಳಿಗೂ ಇಂಗೇ ಕಲ್ಸಿದ್ದೀರಾ ಮೇಡಂ?" ಎಂದರು.

ತರಗತಿಯಲ್ಲಿ ಇನ್ನೂ ಮೂವತ್ತು ಮಕ್ಕಳಿದ್ದರು; ಅವರಿಗೂ ಟ್ಯಾಬ್ ಹಸಿರನ್ನೇ ತೋರಿಸಿತ್ತು. ಸರಿ ಉತ್ತರ ಕೊಟ್ಟ ಮಗುವನ್ನೂ "ಹೇಗೆ ಗೊತ್ತಾಯ್ತು?" ಎಂದು ಕೇಳದೆ ಬಿಡಬಾರದೆಂದು ನನಗೆ ಕಲಿಸಿದವರು ಆ ತಾಯಿ.