ಹೊಕ್ಕುಳಿಗೆ ಮೂರು ಗಂಟು

ಮಗಳು ಹುಟ್ಟಿದ ಮೂರನೇ ದಿನ ಬೆಳಿಗ್ಗೆ ಅವಳ ಹೊಕ್ಕುಳಬಳ್ಳಿಯಿಂದ ರಕ್ತ ಜಿನುಗುತ್ತಿತ್ತು. ಕಾರಣ ನನಗೆ ತಕ್ಷಣ ಹೊಳೆಯಿತು. ಸೂಲಗಿತ್ತಿ ಕಟ್ಟಿದ ದಾರ ಸಡಿಲ.

ಎಪ್ಪತ್ತರ ದಶಕದ ಮುಂಬಯಿಯ ಪರೇಲ್. ನಾನು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುವವನು, ಕಡಿದ ನೂಲಿಗೆ ಗಂಟು ಹಾಕುವುದೇ ನನ್ನ ಕಸುಬು. ನನ್ನ ಮನೆಯಲ್ಲೇ ಸಡಿಲ ಗಂಟು ಎಂದರೆ... ಮಾನದ ಪ್ರಶ್ನೆ.

ದಾರ ಕುದಿಸಿ, ಹಳೆಯ ಗಂಟಿನ ಪಕ್ಕದಲ್ಲಿ ನನ್ನದೊಂದು ಬಿಗಿದೆ. ಅರ್ಧ ಗಂಟೆಯಲ್ಲಿ ಬಟ್ಟೆ ಮತ್ತೆ ಕೆಂಪು.

ನಮ್ಮ ಚಾಳಿನ ವಠಾರದಲ್ಲಿ ಅರ್ಧಕ್ಕರ್ಧ ವಿಜಾಪುರದ ಕಡೆಯವರು, ಎಲ್ಲರೂ ಮಿಲ್ಲಿನವರೇ. ಪಕ್ಕದ ಖೋಲಿಯ ಸಂಗಪ್ಪಣ್ಣ, ನನಗೆ ಮಗ್ಗದ ಕೆಲಸ ಕಲಿಸಿದವನು, ಬಗ್ಗಿ ನೋಡಿದ.

"ಇದೇನ್ ಗಂಟೋ ತಮ್ಮಾ. ಇದಕ್ಕ ಮಿಲ್ಲಿನ ಮುಕಾದಮ ನಿನ್ನ ಬೈಯೋದು."

ಅವನೊಂದು ಹಾಕಿದ. ಮೂರನೆಯದು. ರಕ್ತ ನಿಲ್ಲಲಿಲ್ಲ.

ಹೆಂಡತಿ ಮಾತ್ರ ಮಗುವಿನ ಅಂಗಾಲು ತಣ್ಣಗಾಗುತ್ತಿದೆಯೆಂದು ಉಜ್ಜುತ್ತಾ ಕೂತಿದ್ದಳು.

ಅಷ್ಟರಲ್ಲಿ ಕೆಳಗಿನ ಮಹಡಿಯ ಫಾತಿಮಾ ಚಾಚಿ ಬಂದಳು. ಆಸ್ಪತ್ರೆಯೊಂದರಲ್ಲಿ ಆಯಾ. ಗಂಟುಗಳತ್ತ ನೋಡದೆ ಮಗುವಿನ ಮುಖ ನೋಡಿ ನನ್ನತ್ತ ತಿರುಗಿದಳು.

"ಮೂಗಿನಾಗೂ ರಕ್ತ ಐತಲ್ಲೋ ಬಸ್ಯಾ. ಅದಕ್ಕೆಲ್ಲಿ ಗಂಟ ಹಾಕ್ತಿ?"

ಗಂಟು ತಜ್ಞರ ಸಭೆ ಅಲ್ಲಿಗೆ ಬರಖಾಸ್ತಾಯಿತು. ಮಗುವನ್ನೆತ್ತಿಕೊಂಡು ಚಾಚಿಯ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಮರಾಠಿಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಎಲ್ಲಿ ಹುಟ್ಟಿತು? ಹುಟ್ಟಿದಾಗ ಸೂಜಿ ಹಾಕಿಸಿದಿರಾ? ಹುಟ್ಟಿದ್ದು ಮನೆಯಲ್ಲಿ. ಎಣ್ಣೆ ಹಚ್ಚಿ ಎರೆದಿದ್ದೆವು, ಕಾಡಿಗೆ ಇಟ್ಟಿದ್ದೆವು... ಸೂಜಿ ಯಾರಿಗೂ ಗೊತ್ತಿರಲಿಲ್ಲ.

ಮಗುವಿನ ಒಂದಿಷ್ಟು ರಕ್ತವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಹಿಡಿದು, ಆಗಾಗ ಓರೆ ಮಾಡಿ ಗಡಿಯಾರ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಬೇಕಾದ್ದು ಕೆಂಪು ಶಾಯಿಯ ಹಾಗೆ ಹರಿದಾಡುತ್ತಲೇ ಇದೆ. ನಾನೂ ನೋಡುತ್ತಿದ್ದೇನೆ.

ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕಂತೆ. ಹಸುಗೂಸಿನ ಮೈಯಲ್ಲಿ ಅದು ತೀರಾ ಕಡಿಮೆ, ತಾಯಿಯ ಹಾಲಿನಲ್ಲೂ ಅಷ್ಟಕ್ಕಷ್ಟೇ. ಹುಟ್ಟಿದಾಗಲೇ ಹಾಕಿಸಬೇಕಿದ್ದ ಆ ಸೂಜಿಯನ್ನು ಈಗ ತೊಡೆಗೆ ಹಾಕಿದರು. ಮಗಳು ಆ ದಿನ ಮೊದಲ ಸಲ ಜೋರಾಗಿ ಅತ್ತಳು.

ಮೂರು ಗಂಟು ಯಾಕೆಂದು ಡಾಕ್ಟರು ಕೇಳಿದರು. ಎರಡನೆಯದು ನನ್ನದು, ಮಿಲ್ಲಿನ ಗಂಟು, ಬಿಚ್ಚುವುದಿಲ್ಲ ಎಂದೆ.

ಅವರು ನಗಲಿಲ್ಲ. ಗಂಟು ಚೆನ್ನಾಗಿದೆ, ಆದರೆ ರಕ್ತವೂ ತನ್ನೊಳಗೆ ನೂಲು ನೇಯ್ದುಕೊಂಡೇ ನಿಲ್ಲುವುದು, ನಿಮ್ಮ ಮಗಳ ಮಗ್ಗ ಇನ್ನೂ ಶುರುವಾಗಿರಲಿಲ್ಲ ಎಂದರು.

ಸಂಜೆಯ ಹೊತ್ತಿಗೆ ಇನ್ನೊಂದು ನಳಿಗೆ. ಈ ಸಲ ನಮ್ಮೆದುರೇ ತಲೆಕೆಳಗೆ ಮಾಡಿದರು. ಒಂದು ಹನಿಯೂ ಬೀಳಲಿಲ್ಲ. ಹೆಂಡತಿ ಮಗುವಿನ ಅಂಗಾಲು ಮುಟ್ಟಿ ನೋಡಿದಳು, ಬೆಚ್ಚಗಿತ್ತು.

ರಕ್ತ ನಿಂತಿದ್ದು ತನ್ನ ಗಂಟಿನಿಂದಲೇ ಎಂದು ಸಂಗಪ್ಪಣ್ಣ ಕೊನೆಯವರೆಗೂ ಸಾಧಿಸಿದ. ಅದು ಶುದ್ಧ ಸುಳ್ಳು. ನಿಲ್ಲುವುದಿದ್ದರೆ ನನ್ನದರಿಂದ ನಿಲ್ಲುತ್ತಿತ್ತು.

ಈಗ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದು ಯಾರನ್ನು ಹೋಲುತ್ತದೆ ಎಂದು ನಾನು ಕೇಳುವುದಿಲ್ಲ, ಸೂಜಿ ಹಾಕಿಸಿದಿರಾ ಎಂದೇ ಕೇಳುತ್ತೇನೆ... ನಿಮ್ಮ ಮನೆಯ ಕೂಸಿಗೆ ಹಾಕಿಸಿದಿರಾ?